ಎದೆ ಮೇಲೆ ಯಾರ ಹೆಸರು?

ನಮ್ಮ ಹಾಸ್ಟೆಲ್‌ನಲ್ಲಿ ಸಿಲಬಸ್ ಬಗ್ಗೆ ಅಭಿಪ್ರಾಯ ಇಲ್ಲದವರು ಬೇಕಾದಷ್ಟು ಜನ ಸಿಗುತ್ತಾರೆ. ಆರ್‌ಸಿಬಿ ಜೆರ್ಸಿ ಬಗ್ಗೆ ಅಭಿಪ್ರಾಯ ಇಲ್ಲದವರು ಒಬ್ಬರೂ ಸಿಗಲ್ಲ. 2008ರ ಕೆಂಪು–ಬಂಗಾರದ ಅಂಗಿಯೇ ಅಂಗಿ, ಆಮೇಲಿನದೆಲ್ಲ ಸುಮ್ಮನೆ ಅನ್ನುವ ಸಂಪ್ರದಾಯಸ್ಥರಿದ್ದಾರೆ. 2020ರಲ್ಲಿ ಲೋಗೊ ಬದಲಾದಾಗ ಸಿಂಹಕ್ಕೆ ಗತ್ತು ಬಂತು ಅಂತ ಖುಷಿಪಟ್ಟವರಿದ್ದಾರೆ. ವರ್ಷಕ್ಕೊಂದು ಪಂದ್ಯಕ್ಕೆ ಹಾಕುವ ಹಸಿರು ಅಂಗಿ ಕಂಡರೆ ‘ಇವತ್ತು ಸೋಲ್ತೀವಿ’ ಅಂತ ಟಿವಿ ಆಫ್ ಮಾಡುವವರೂ ಇದ್ದಾರೆ. 2024ರ ಮಾರ್ಚ್‌ನಲ್ಲಿ ‘ಬ್ಯಾಂಗಲೋರ್’ ಹೋಗಿ ‘ಬೆಂಗಳೂರು’ ಬಂದು, ಜೊತೆಗೆ ಅಂಗಿಗೆ ನೀಲಿಯೂ ಬಂದಾಗ ಮೆಸ್ಸಿನಲ್ಲಿ ಸಾಂಬಾರ್ ತಣ್ಣಗಾಗುವವರೆಗೂ ಚರ್ಚೆ ನಡೆಯಿತು. 2025ರ ಜೂನ್ 3ರಂದು ಕಪ್ ಬಂತು ನೋಡಿ, ಅವತ್ತಿಗೆ ಎಲ್ಲರ ತಕರಾರೂ ಮುಗಿಯಿತು. ಗೆದ್ದ ಅಂಗಿ ಯಾವಾಗಲೂ ಚಂದವೇ.

ನನಗೆ ಇದು ಡಿಸೈನ್ ವಿಮರ್ಶೆ ಅನ್ನಿಸಲ್ಲ. ಗೆದ್ದರೆ ಚಂದ, ಸೋತರೆ ದರಿದ್ರ ಅನ್ನೋದು ಸ್ಕೋರ್‌ಬೋರ್ಡ್ ಮಾತು, ಅಂಗಿಯ ಮಾತಲ್ಲ. ಅಂಗಿಯ ಬಗ್ಗೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಅದರ ಮೇಲೆ ಏನು ಬರೆದಿದೆ, ಯಾರು ಬರೆಸಿದ್ದು, ಅದನ್ನು ಹಾಕಿಕೊಳ್ಳುವವರನ್ನು ಯಾರಾದರೂ ಕೇಳಿದ್ದಾರಾ? ದೊಡ್ಡ ತಂಡಗಳಲ್ಲಿ ಇದಕ್ಕೆಲ್ಲ ಮಾರ್ಕೆಟಿಂಗ್‌ನವರು ಉತ್ತರ ಕೊಡುತ್ತಾರೆ. ನಮ್ಮೂರಲ್ಲಿ ನಾವೇ ಕೊಡಬೇಕು. ಅದು ಎಷ್ಟು ಕಷ್ಟದ ಕೆಲಸ ಅಂತ ಹೇಳೋಕೇ ಈ ಬರಹ.

ನಮ್ಮೂರು ಸಕಲೇಶಪುರ ತಾಲ್ಲೂಕು, ಯಸಳೂರು ಹೋಬಳಿ. ಕಾಫಿ ಕೊಯ್ಲು ಮುಗಿದು ಹೂಮಳೆಗೆ ಕಾಯುವ ಹೊತ್ತಿಗೆ ಕೊಯ್ಲಾದ ಗದ್ದೆಗಳಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಶುರುವಾಗುತ್ತೆ. ನಾಟಿ ಮುಗಿದ ಮೇಲೆ ಮಳೆಯಲ್ಲೇ ಕೆಸರುಗದ್ದೆ ಆಟ: ಓಟ, ವಾಲಿಬಾಲ್, ಹಗ್ಗಜಗ್ಗಾಟ. ಹೆತ್ತೂರು ಕಡೆಯವರು ಬರುತ್ತಾರೆ, ಹಾನುಬಾಳಿನವರು ಬರುತ್ತಾರೆ, ಆಲೂರಿನ ಕೆಂಚಮ್ಮನ ಹೊಸಕೋಟೆ ಕಡೆಯಿಂದ ಪಿಕಪ್ ತುಂಬಾ ಹುಡುಗರು ಬಂದಿಳಿಯುತ್ತಾರೆ. ನಾನು ಕ್ರಿಕೆಟ್ ಆಡಲ್ಲ, ಸ್ಕೋರ್ ಬರೆಯುತ್ತೇನೆ. ಹಗ್ಗ ಮಾತ್ರ ಎಳೆಯುತ್ತೇನೆ. ಸ್ಕೋರ್ ಬರೆಯುವವಳಿಗೆ ಜೆರ್ಸಿ ಅಂದರೆ ಅಲಂಕಾರ ಅಲ್ಲ, ಮಾಹಿತಿ. ಮೇಜಿನ ಹತ್ತಿರ ಕೂತು ತಲೆ ಎತ್ತಿದರೆ ಕಾಣುವುದೇನು? ಒಂದು ತಂಡದ ಎದೆ ಮೇಲೆ ಸಿಂಹ, ಇನ್ನೊಂದರ ಮೇಲೆ ಡ್ರ್ಯಾಗನ್, ಮತ್ತೊಂದರ ಮೇಲೆ ಬೆಂಕಿ ಹಚ್ಚಿಕೊಂಡ ತಲೆಬುರುಡೆ. ಹೆಸರುಗಳೆಲ್ಲ ರೈಡರ್ಸ್, ವಾರಿಯರ್ಸ್, ಕಿಂಗ್ಸ್. ಯಾವ ಊರಿನವರು ಅಂತ ತಿಳಿಯಬೇಕಾದರೆ ಪಿಕಪ್ ಡ್ರೈವರ್‌ನ ಮುಖ ನೋಡಬೇಕು.

ಇದು ಹಳ್ಳಿ ಹುಡುಗರ ತಪ್ಪು ಅಂತ ನಗಬೇಡಿ. ದೊಡ್ಡವರು ಹಾಕಿಕೊಟ್ಟ ದಾರಿ ಇದು. ಕರ್ನಾಟಕ ಪ್ರೀಮಿಯರ್ ಲೀಗ್ 2009ರಲ್ಲಿ ಶುರುವಾದಾಗ ನಮ್ಮ ಸೀಮೆಯ ತಂಡಕ್ಕೆ ಇಟ್ಟ ಹೆಸರು ಮಲ್ನಾಡ್ ಗ್ಲಾಡಿಯೇಟರ್ಸ್. ರೋಮಿನ ಅಖಾಡದಲ್ಲಿ ಕತ್ತಿ ಹಿಡಿದು ಸಾಯುತ್ತಿದ್ದ ಗುಲಾಮರಿಗೂ ಮಲೆನಾಡಿಗೂ ಏನು ಸಂಬಂಧವೋ, ಇವತ್ತಿಗೂ ಗೊತ್ತಾಗಿಲ್ಲ. ಈಗಿನ ಮಹಾರಾಜ ಟ್ರೋಫಿಯಲ್ಲಿ ಮಂಗಳೂರಿಗೆ ಡ್ರ್ಯಾಗನ್, ಶಿವಮೊಗ್ಗಕ್ಕೆ ಸಿಂಹ. ಶಿವಮೊಗ್ಗದ ಹತ್ತಿರ ತ್ಯಾವರೆಕೊಪ್ಪದ ಸಫಾರಿಯಲ್ಲಾದರೂ ಸಿಂಹ ಇದೆ, ಅಷ್ಟರಮಟ್ಟಿಗೆ ಅವರು ಬಚಾವ್.

ಪ್ರಿಂಟಿಂಗ್ ತಂತ್ರಜ್ಞಾನದ ಪಾಲೂ ಇದರಲ್ಲಿದೆ, ನಾವು ಎಂಜಿನಿಯರಿಂಗ್‌ನವರು ಅದನ್ನು ಗಮನಿಸಬೇಕು. ಹಿಂದೆ ಜೆರ್ಸಿ ಮೇಲೆ ಸ್ಕ್ರೀನ್ ಪ್ರಿಂಟ್ ಮಾಡಿಸುತ್ತಿದ್ದರು. ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್, ಒಂದೊಂದು ಸ್ಕ್ರೀನಿಗೂ ಬೇರೆ ದುಡ್ಡು. ಹಾಗಾಗಿ ಒಂದೇ ಬಣ್ಣದಲ್ಲಿ ಊರಿನ ಹೆಸರು, ಹಿಂದೆ ನಂಬರು, ಮುಗಿಯಿತು. ಈಗ ಬಂದಿರುವುದು ಸಬ್ಲಿಮೇಷನ್. ಡಿಸೈನನ್ನು ಮೊದಲು ಪೇಪರ್ ಮೇಲೆ ವಿಶೇಷ ಇಂಕಿನಲ್ಲಿ ಅಚ್ಚು ಹಾಕುತ್ತಾರೆ. ಅದನ್ನು ಪಾಲಿಯೆಸ್ಟರ್ ಬಟ್ಟೆ ಮೇಲಿಟ್ಟು ಸುಮಾರು 200 ಡಿಗ್ರಿ ಬಿಸಿಯಲ್ಲಿ ಒತ್ತಿದರೆ ಇಂಕು ದ್ರವವಾಗದೆ ನೇರವಾಗಿ ಆವಿಯಾಗಿ ನೂಲಿನೊಳಗೆ ಸೇರಿಕೊಳ್ಳುತ್ತೆ. ಒಗೆದರೆ ಬಿಡಲ್ಲ, ಸಿಪ್ಪೆ ಏಳಲ್ಲ. ಒಂದು ಬಣ್ಣವೂ ಒಂದೇ ರೇಟು, ನೂರು ಬಣ್ಣವೂ ಒಂದೇ ರೇಟು. ಹಾಗಂದ ಮೇಲೆ ಯಾರು ಬಿಡ್ತಾರೆ? ಮಿಂಚು ಹಾಕಿ, ಬೆಂಕಿ ಹಾಕಿ, ಚಿರತೆ ಉಗುರಿನ ಗೀರು ಹಾಕಿ. ಅಂಗಡಿಯವನ ಕಂಪ್ಯೂಟರ್‌ನಲ್ಲಿ ರೆಡಿ ಡಿಸೈನ್‌ಗಳ ಫೋಲ್ಡರ್ ಇರುತ್ತೆ. ನಾವು ‘ಮೂವತ್ತೆಂಟನೇದು ಹಾಕಿ ಅಣ್ಣ’ ಅಂತೀವಿ. ಪಕ್ಕದೂರಿನವರೂ ಅದನ್ನೇ ಹಾಕಿಸಿರುತ್ತಾರೆ. ದುಡ್ಡಿನ ಮಿತಿ ಇದ್ದಾಗ ಯೋಚನೆ ಮಾಡುತ್ತಿದ್ದೆವು, ಮಿತಿ ಹೋದ ಮೇಲೆ ಯೋಚನೆಯೂ ಹೋಯಿತು.

ಮಿತಿ ಇದ್ದರೆ ಏನಾಗುತ್ತೆ ಅನ್ನೋದಕ್ಕೆ ಬ್ರೆಜಿಲ್ ಕಥೆ ನೋಡಿ. 1950ರ ವಿಶ್ವಕಪ್‌ನ ನಿರ್ಣಾಯಕ ಪಂದ್ಯದಲ್ಲಿ ಅವರು ತಮ್ಮದೇ ಮರಕಾನಾ ಕ್ರೀಡಾಂಗಣದಲ್ಲಿ ಉರುಗ್ವೆ ಎದುರು ಸೋತರು. ಆಗ ಅವರ ಅಂಗಿ ಬಿಳಿ. ಅಂಗಿಯೇ ಅಪಶಕುನ ಅನ್ನಿಸಿ, ಅದನ್ನು ಬದಲಿಸಲು ಒಂದು ಪತ್ರಿಕೆ 1953ರಲ್ಲಿ ಸ್ಪರ್ಧೆ ನಡೆಸಿತು. ಷರತ್ತು ಒಂದೇ, ಬಾವುಟದ ನಾಲ್ಕೂ ಬಣ್ಣ ಬರಬೇಕು. ಗೆದ್ದವನು ಆಲ್ದಿರ್ ಗಾರ್ಸಿಯಾ ಶ್ಲೀ, ಇನ್ನೂ ಇಪ್ಪತ್ತು ತುಂಬದ ಹುಡುಗ. ಅವನ ಊರು ಇರುವುದು ಉರುಗ್ವೆ ಗಡಿಯಲ್ಲೇ. ಹಳದಿ ಅಂಗಿ, ಹಸಿರು ಅಂಚು, ನೀಲಿ ಚಡ್ಡಿ, ಬಿಳಿ ಕಾಲುಚೀಲ. ಇವತ್ತು ಜಗತ್ತಿನ ಯಾವ ಮೂಲೆಯಲ್ಲಿ ತೋರಿಸಿದರೂ ಗುರುತು ಹಿಡಿಯುತ್ತಾರೆ. ಅದರಲ್ಲಿ ಬೆಂಕಿ ಇಲ್ಲ, ಮಿಂಚಿಲ್ಲ.

ಬಣ್ಣ ಆರಿಸುವಾಗ ಆಡುವ ಜಾಗವನ್ನೂ ನೋಡಬೇಕು. ನಮ್ಮ ಕಡೆ ಬಿಳಿ ನಡೆಯಲ್ಲ, ಒಂದು ಡೈವ್ ಹೊಡೆದರೆ ಕೆಂಪು ಮಣ್ಣಿನ ಕಲೆ ಜನ್ಮಕ್ಕೆ ಹೋಗಲ್ಲ. ಹಸಿರು ಹಾಕಿದರೆ ತೋಟದ ಅಂಚಿನಲ್ಲಿ ನಿಂತ ಫೀಲ್ಡರ್ ಕಾಣೆಯಾಗುತ್ತಾನೆ. ಕಪ್ಪು, ಕಡುನೀಲಿ ಎರಡೂ ಮಂಜಿನಲ್ಲಿ ಒಂದೇ. ಕಡುಕೆಂಪಿನ ಮೇಲೆ ಕಪ್ಪು ನಂಬರು ಹಾಕಿಸಿದ ತಂಡವೊಂದಿತ್ತು, ಯಾರು ಔಟಾದರು ಅಂತ ಪ್ರತಿ ಸಲ ಕೂಗಿ ಕೇಳಬೇಕಿತ್ತು. 1992ರ ವಿಶ್ವಕಪ್ ಜೆರ್ಸಿಯನ್ನು ಜನ ಇವತ್ತಿಗೂ ಹುಡುಕಿ ಕೊಳ್ಳುತ್ತಾರಲ್ಲ, ಯಾಕೆ? ಎಲ್ಲ ತಂಡಗಳಿಗೂ ಒಂದೇ ವಿನ್ಯಾಸ, ಬಣ್ಣ ಮಾತ್ರ ಬೇರೆ. ಎದೆ ಮೇಲೆ ದೇಶದ ಹೆಸರು, ಬೆನ್ನ ಮೇಲೆ ಆಟಗಾರನ ಹೆಸರು. ನಂಬರು ಬಂದಿದ್ದು 1999ರ ವಿಶ್ವಕಪ್‌ನಲ್ಲಿ. ನಮ್ಮ ಜಿಲ್ಲೆಯ ಜಾವಗಲ್ ಊರನ್ನು ಹೆಸರಿನಲ್ಲೇ ಹೊತ್ತ ಶ್ರೀನಾಥ್ ಆ 1992ರ ತಂಡದಲ್ಲಿದ್ದರು. ನಮ್ಮಪ್ಪನಿಗೆ ಆ ಅಂಗಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹೋದ ವರ್ಷದ ಇಂಡಿಯಾ ಜೆರ್ಸಿ ಹೇಗಿತ್ತು ಅಂದರೆ ‘ನೀಲಿ’ ಅಂತಾರೆ, ಅಷ್ಟೇ.

ನಮ್ಮ ಹೋಬಳಿ ದಾಟಿದರೆ ಕೊಡಗು. ಅಲ್ಲಿಯ ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡ ಗ್ರಾಮದಲ್ಲಿ 60 ತಂಡಗಳಿಂದ ಶುರುವಾಯಿತು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ ತಂಡಗಳ ಸಂಖ್ಯೆ 360. ಅಲ್ಲಿ ಕಿಂಗ್ಸ್ ಇಲ್ಲ, ರೈಡರ್ಸ್ ಇಲ್ಲ. ತಂಡದ ಹೆಸರು ಅಂದರೆ ಮನೆತನದ ಹೆಸರು. ತಾತನೂ ಮೊಮ್ಮಗಳೂ ಒಂದೇ ಅಂಗಿ ಹಾಕಿ ಒಂದೇ ತಂಡದಲ್ಲಿ ಆಡಬಹುದು. ಸೋತರೂ ಆ ಅಂಗಿಯನ್ನು ಯಾರೂ ಬಿಸಾಡಲ್ಲ, ಮನೆ ಹೆಸರನ್ನು ಬಿಸಾಡೋಕಾಗುತ್ತಾ? ನನಗೆ ಅವರ ಬಗ್ಗೆ ಸ್ವಲ್ಪ ಹೊಟ್ಟೆಕಿಚ್ಚೇ ಇದೆ.

ಹೋದ ರಜೆಯಲ್ಲಿ ನಮ್ಮೂರ ತಂಡದ ಜೆರ್ಸಿ ಕೆಲಸ ನನ್ನ ತಲೆಗೆ ಬಂತು. ದೊಡ್ಡಪ್ಪನ ಮಗ ಕ್ಯಾಪ್ಟನ್. ‘ಪುಟ್ಟಿ, ಇಂಜಿನಿಯರಿಂಗ್ ಓದ್ತಿದೀಯಲ್ಲ, ಒಂದು ಡಿಸೈನ್ ಮಾಡ್ಕೊಡು’ ಅಂದ. ಎಂಜಿನಿಯರಿಂಗಿಗೂ ಜೆರ್ಸಿಗೂ ಏನು ಸಂಬಂಧ ಅಂತ ಕೇಳಿದರೆ ‘ಲ್ಯಾಪ್‌ಟಾಪ್ ಇದೆಯಲ್ಲ’ ಅಂದ. ಸಂಜೆ ನಮ್ಮ ಮನೆ ಕಣದಲ್ಲಿ ತಂಡ ಸೇರಿತು. ನಾನು ಮೊದಲೇ ಹೇಳಿಬಿಟ್ಟೆ, ನಮ್ಮೂರಲ್ಲಿ ಇಲ್ಲದ ಪ್ರಾಣಿ ನಾನು ಬರೆಯಲ್ಲ.

‘ಹಂಗಾದ್ರೆ ಆನೆ ಹಾಕು’ ಅಂದ ಅಣ್ಣ. ‘ಸಿಂಹ ಯಾರು ನೋಡಿದಾರೆ? ಆನೆ ನಮ್ದೇ ಅಲ್ವಾ.’

ಮಾತು ಸರಿಯಾಗಿತ್ತು. ಬೇರೆ ಕಡೆ ಮಂದ ಬೆಳಕಿಗೆ ಆಟ ನಿಲ್ಲುತ್ತೆ, ನಮ್ಮಲ್ಲಿ ಆನೆ ಬಂತು ಅಂತ ನಿಲ್ಲುತ್ತೆ. ಫೈನಲ್ ಮುಗಿಯದಿದ್ದರೂ ಸಂಜೆ ಐದಕ್ಕೆ ಎಲ್ಲರೂ ಮನೆ ಕಡೆ. ಯಾವ ತೋಟದಲ್ಲಿ ಎಷ್ಟು ಆನೆ ಇವೆ ಅಂತ ಬೆಳಿಗ್ಗೆ ಫೋನಿಗೆ ಮೆಸೇಜ್ ಬರುತ್ತೆ. ಈ ಕಡೆಯ ಕಾಡಾನೆಗಳಿಗೆ ಜನ ಭೀಮ, ಕ್ಯಾಪ್ಟನ್ ಅಂತೆಲ್ಲ ಹೆಸರಿಟ್ಟಿದ್ದಾರೆ. 2014ರಲ್ಲಿ ಆಲೂರು–ಸಕಲೇಶಪುರ ಭಾಗದಿಂದ 20ಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಿದರು. ಕೆಲವೇ ವರ್ಷದಲ್ಲಿ ಮತ್ತೆ ಮೊದಲಿನ ಹಾಗೇ. ಇನ್ನೊಬ್ಬ ಹುಡುಗ ಅರ್ಜುನನ ಹೆಸರು ಎತ್ತಿದ. ಎಂಟು ಸಲ ಮೈಸೂರು ದಸರಾ ಅಂಬಾರಿ ಹೊತ್ತ ಅರ್ಜುನ ಸತ್ತಿದ್ದು ನಮ್ಮ ಯಸಳೂರು ಹೋಬಳಿಯ ದಬ್ಬಳ್ಳಿಕಟ್ಟೆಯಲ್ಲಿ. 2023ರ ಡಿಸೆಂಬರ್ 4, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸಲಗದ ಜೊತೆ ಕಾದಾಡಿ ಸತ್ತ. ‘ಅವನ ನೆನಪಿಗೆ ಹಾಕೋಣ, ಇಡೀ ತಾಲ್ಲೂಕು ಕೈ ಮುಗಿಯುತ್ತೆ’ ಅಂದ. ಎಲ್ಲರೂ ಹೌದು ಹೌದು ಅಂದರು. ನಾನು ಪೇಪರ್ ಮೇಲೆ ಸೊಂಡಿಲಿನ ಗೆರೆ ಎಳೆಯುತ್ತಿದ್ದೆ.

ಕೀಪರ್ ಒಬ್ಬನೇ ಸುಮ್ಮನೆ ಕೂತಿದ್ದ. ಅವನ ಅಪ್ಪ ಮೂರು ವರ್ಷದ ಹಿಂದೆ ಬೆಳಗಿನ ಜಾವ ಗದ್ದೆಗೆ ನೀರು ಕಟ್ಟೋಕೆ ಹೋದವರು ಆನೆ ಸಿಕ್ಕಿ ತೀರಿಕೊಂಡರು. ಆ ವಿಷಯ ಅಲ್ಲಿದ್ದ ಎಲ್ಲರಿಗೂ ಗೊತ್ತು. ಹೆಣ ಹೊತ್ತವರು ಇದೇ ಹುಡುಗರು. ಅವನು ಸಿಟ್ಟು ಮಾಡಲಿಲ್ಲ. ‘ಹಾಕ್ಸಿ, ಚೆನ್ನಾಗಿರುತ್ತೆ. ನನಗೆ ಮಾತ್ರ ಪ್ಲೇನ್ ಅಂಗಿ ಕೊಡಿ’ ಅಂದ.

‘ಯಾಕ್ಲಾ, ಅದು ಅರ್ಜುನ ಕಣ್ಲಾ, ಕಾಡಾನೆ ಅಲ್ಲ’ ಅಂದ ಅಣ್ಣ.

‘ನನಗೆ ಗೊತ್ತು. ಆದ್ರೆ ಒಗೆಯೋದು ನಮ್ಮಮ್ಮ ಅಲ್ವಾ.’

ಆಮೇಲೆ ಯಾರೂ ಆನೆ ಸುದ್ದಿ ಎತ್ತಲಿಲ್ಲ.

ಈ ಮಾತನ್ನು ನಾನು ತುಂಬ ಸಲ ನೆನೆಸಿಕೊಂಡಿದ್ದೇನೆ. ಡಿಸೈನ್ ಬಗ್ಗೆ ಓದುವಾಗ ‘ಬಳಕೆದಾರ’ ಅನ್ನುವ ಪದ ಹೆಜ್ಜೆಹೆಜ್ಜೆಗೂ ಬರುತ್ತೆ. ಜೆರ್ಸಿಯ ಬಳಕೆದಾರ ಆಟಗಾರ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಅವನು ಹಾಕುವುದು ದಿನಕ್ಕೆ ಒಂದೆರಡು ಗಂಟೆ. ಒಗೆಯುವವರು, ಒಣ ಹಾಕುವವರು, ಮನೆಯಲ್ಲಿ ಅದನ್ನು ದಿನಾ ನೋಡುವವರು ಬೇರೆ. ಅಂಗಿ ಹನ್ನೊಂದು ಜನರದ್ದಲ್ಲ. ಊರಿನ ಹೆಸರು ಬರೆದ ಮೇಲೆ ಅದು ಊರಿನದು. ಊರಿನಲ್ಲಿ ಒಂದು ಮನೆಗೆ ನೋವಾಗುವ ಚಿತ್ರ ಎಷ್ಟೇ ಚಂದ ಇದ್ದರೂ ಊರಿನ ಗುರುತಲ್ಲ. ಸಿಂಹ, ಡ್ರ್ಯಾಗನ್‌ಗಳು ಯಾಕೆ ಅಷ್ಟು ಸಲೀಸಾಗಿ ಬಂದು ಎದೆ ಮೇಲೆ ಕೂರುತ್ತವೆ ಅಂತಲೂ ಅವತ್ತು ಅರ್ಥವಾಯಿತು. ಅವು ನಮ್ಮ ಊರಿನ ಯಾರನ್ನೂ ಕೊಂದಿಲ್ಲ.

ಮತ್ತೇನು ಹಾಕೋದು? ಒಬ್ಬ ಮಂಜರಾಬಾದ್ ಕೋಟೆ ಅಂದ. ಡ್ರೋನ್ ಫೋಟೊದಲ್ಲಿ ನೋಡಿದವರಿಗೆ ಗೊತ್ತು, ಅದು ಹುಟ್ಟಾ ಲೋಗೊ. 1792ರಲ್ಲಿ ಟಿಪ್ಪು ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರ. ಒಂದು ಗೋಡೆಯ ಬುಡಕ್ಕೆ ಬಂದ ಶತ್ರುವಿಗೆ ಪಕ್ಕದ ಗೋಡೆಯಿಂದ ಗುಂಡು ಹಾರಿಸಬಹುದು, ಬಚ್ಚಿಟ್ಟುಕೊಳ್ಳಲು ಮೂಲೆ ಸಿಗಲ್ಲ. ಆ ಆಕಾರಕ್ಕೆ ಒಂದು ಕೆಲಸ ಇತ್ತು. ನಾಣ್ಯದಷ್ಟು ಸಣ್ಣದಾಗಿ ಬರೆದರೂ ಗುರುತು ಸಿಗುತ್ತೆ. ಬಿಸಿಸಿಐ ಲೋಗೊದ ನಕ್ಷತ್ರ ಬ್ರಿಟಿಷರು ಕೊಡುತ್ತಿದ್ದ ‘ಸ್ಟಾರ್ ಆಫ್ ಇಂಡಿಯಾ’ ಪದಕವನ್ನು ಹೋಲುತ್ತೆ. ಅದಕ್ಕಿಂತ ಈ ನಕ್ಷತ್ರ ನಮಗೆ ಹತ್ತಿರ. ಆದರೆ ‘ಕೋಟೆ ಇರೋದು ದೋಣಿಗಲ್ ಹತ್ರ, ಅಲ್ಲಿಯವರು ಹಾಕ್ಕೊಳ್ಳಲಿ’ ಅಂತ ಆಕ್ಷೇಪ ಬಂತು. ಹೊಯ್ಸಳ ಲಾಂಛನ ಅಂದರೆ ‘ಅದು ಬೇಲೂರಿನವರದ್ದು’. ಅವರು ಹೇಳಿದ್ದೂ ನ್ಯಾಯವೇ.

ಕೊನೆಗೆ ಚಿತ್ರವೇ ಬೇಡ, ಅಕ್ಷರವೇ ಸಾಕು ಅಂತಾಯಿತು. ಅರಿಶಿನದ ಹಳದಿ ಅಂಗಿ, ಮಂಜಿನಲ್ಲೂ ಕಾಣುತ್ತೆ. ಅದರ ಮೇಲೆ ಕಾಫಿ ಹಣ್ಣಿನ ಕೆಂಪಿನಲ್ಲಿ ಊರಿನ ಹೆಸರು, ಕನ್ನಡದಲ್ಲಿ, ಗೇಣಗಲ. ‘ಕನ್ನಡ ಬಾವುಟ ಆಯ್ತಲ್ಲ’ ಅಂದರು. ಆಗಲಿ ಬಿಡಿ, 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡಿನವರೇ ನಮ್ಮ ನಂದಿನಿಯನ್ನು ಅಂಗಿ ಮೇಲೆ ಹಾಕಿಕೊಂಡಿದ್ದರು, ನಮಗೇನು ನಾಚಿಕೆ? ತೊಂದರೆ ಬಂದಿದ್ದು ಬೇರೆ ಕಡೆ. ನಮ್ಮೂರ ಹೆಸರಲ್ಲಿ ಒಂದು ಒತ್ತಕ್ಷರ ಇದೆ, ಹೆತ್ತೂರು, ಬಾಳ್ಳುಪೇಟೆ, ಮಗ್ಗೆಯಲ್ಲಿ ಇದ್ದ ಹಾಗೆ. ಸಕಲೇಶಪುರ, ಆಲೂರು, ಹಾಸನ ಮೂವರೂ ಅದೃಷ್ಟವಂತರು, ಒತ್ತೇ ಇಲ್ಲ. ಪ್ರಿಂಟ್ ಅಂಗಡಿಯ ಸಾಫ್ಟ್‌ವೇರ್‌ನಲ್ಲಿ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಂತಿತ್ತು. ಅಂಗಡಿಯವರು ‘ಯಾರು ನೋಡ್ತಾರೆ, ಇಂಗ್ಲಿಷಲ್ಲಿ ಹಾಕೋಣ’ ಅಂದರು. ಊರಿನ ಹೆಸರು ಸರಿಯಾಗಿ ಬರೆಯದ ಅಂಗಿ ಇನ್ಯಾಕೆ? ಯೂನಿಕೋಡ್ ಸರಿಯಾಗಿ ಬರುವ ಕಡೆ ಟೈಪ್ ಮಾಡಿ, ಅಕ್ಷರಗಳನ್ನು ಕರ್ವ್ಸ್‌ಗೆ ಬದಲಿಸಿ ಪಿಡಿಎಫ್ ಕಳಿಸಿದೆ. ಆಗ ಅದು ಅಕ್ಷರ ಅಲ್ಲ, ಬರೀ ಆಕಾರ. ಯಾವ ಸಾಫ್ಟ್‌ವೇರೂ ಒತ್ತು ಕೀಳೋಕಾಗಲ್ಲ. ಕನ್ನಡ ಬಳಗದ ಪೋಸ್ಟರ್ ಮಾಡುವವರು ಇದನ್ನು ನೆನಪಿಟ್ಟುಕೊಳ್ಳಿ.

ಇನ್ನು ದುಡ್ಡು. ಒಂದು ಅಂಗಿಗೆ 350 ರೂಪಾಯಿ. ಪಕ್ಕದ ಎಸ್ಟೇಟ್ ಮಾಲೀಕರು ಕೊಡಲು ಒಪ್ಪಿದರು, ಎದೆ ಮೇಲೆ ಎಸ್ಟೇಟ್ ಹೆಸರು ಬರಬೇಕು ಅಂದರು. ಕೊಡುವವರು ಕೇಳುವುದು ಸಹಜ. ಆದರೆ ತಂಡದಲ್ಲಿ ಅರ್ಧ ಜನ ಆ ಎಸ್ಟೇಟಿನ ಲೈನ್ ಮನೆಗಳ ಹುಡುಗರು. ವಾರವೆಲ್ಲ ಅವರ ಕೆಲಸ ಮಾಡಿ ಭಾನುವಾರವೂ ಅವರ ಹೆಸರೇ ಹೊರಬೇಕಾ? ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಆ ಹುಡುಗರಿಗೆ ಇರಲಿಲ್ಲ, ಇರುವುದು ಕಷ್ಟವೂ ಹೌದು. ನಾನು ಐಸಿಸಿ ನಿಯಮ ಹಿಡಿದು ಹೋದೆ. ‘ಸರ್, ವಿಶ್ವಕಪ್‌ನಲ್ಲಿ ಎದೆ ಮೇಲೆ ದೇಶದ ಹೆಸರು ಮಾತ್ರ. ಎಷ್ಟೇ ಕೋಟಿ ಕೊಟ್ಟ ಸ್ಪಾನ್ಸರ್ ಆದ್ರೂ ತೋಳಿಗೆ ಹೋಗ್ತಾರೆ.’ ಅವರು ನಕ್ಕರು. ‘ನಾನೇನು ಕೋಟಿ ಕೊಟ್ಟಿಲ್ವಲ್ಲಮ್ಮ, ತೋಳೇ ಸಾಕು’ ಅಂದರು. ಒಳ್ಳೆಯವರು. ಎಲ್ಲ ಊರಲ್ಲೂ ಹೀಗೇ ಆಗುತ್ತೆ ಅಂತ ಹೇಳಲ್ಲ.

ಹದಿನೈದು ಅಂಗಿ ಅಂತ ಶುರುವಾದದ್ದು ಇಪ್ಪತ್ನಾಲ್ಕಾಯಿತು. ಹಗ್ಗ ಎಳೆಯುವ ನಾವು ಒಂಬತ್ತು ಹುಡುಗಿಯರು ಇಷ್ಟು ವರ್ಷ ಅಣ್ಣಂದಿರ ಹಳೇ ಅಂಗಿಯಲ್ಲಿ ಕೆಸರಿಗೆ ಇಳಿಯುತ್ತಿದ್ದೆವು. ಊರಿನ ಹೆಸರು ಅಂದಮೇಲೆ ನಮಗೂ ಬೇಕು ಅಂತ ಕೂತೆ. ಅಣ್ಣ ಗೊಣಗಿದ, ಕೊಡಿಸಿದ. ಆ ವರ್ಷ ನಮ್ಮ ಕ್ರಿಕೆಟ್ ತಂಡ ಎರಡನೇ ಸುತ್ತಿನಲ್ಲೇ ಹೊರಬಿತ್ತು. ಅಂಗಿ ದರಿದ್ರ ಅಂತ ಯಾರೂ ಅನ್ನಲಿಲ್ಲ.

ಈಗ ನಮ್ಮ ಬ್ರಾಂಚಿನ ಫೆಸ್ಟ್ ಜೆರ್ಸಿ ಚರ್ಚೆ ಗ್ರೂಪ್‌ನಲ್ಲಿ ಶುರುವಾಗಿದೆ. ಆಗಲೇ ಎರಡು ತೋಳ, ಒಂದು ಗಿಡುಗ ಬಂದಿವೆ. ನನ್ನ ಅಭಿಪ್ರಾಯ ಇಷ್ಟೇ: ಆರ್ಡರ್ ಕೊಡುವ ಮುಂಚೆ ಒಬ್ಬೊಬ್ಬರನ್ನೂ ಕೇಳಿ. ಮಾತಾಡದೆ ಕೂತವರನ್ನು ಮೊದಲು ಕೇಳಿ.

ನಮ್ಮ ಕಡೆ ಜೆರ್ಸಿಯ ಆಯಸ್ಸು ಟೂರ್ನಿಗೆ ಮುಗಿಯಲ್ಲ. ಹಳೆಯದಾದ ಮೇಲೆ ಅದು ಕಾಫಿ ಕೊಯ್ಯುವ ಹೆಂಗಸರ ಸೀರೆ ಮೇಲೆ ಬರುತ್ತೆ, ಮುಳ್ಳು, ಇರುವೆ, ಚಳಿ ಎಲ್ಲಕ್ಕೂ ತಡೆ. ತಲೆಬುರುಡೆಯ ಅಂಗಿ ತೊಟ್ಟು ಹಣ್ಣು ಕೊಯ್ಯುವ ಅಜ್ಜಿಯರನ್ನು ನಾನು ನೋಡಿದ್ದೇನೆ. ಈ ಸಲ ಊರಿಗೆ ಹೋದಾಗ ಕೀಪರ್‌ನ ಅಮ್ಮ ತೋಟದಲ್ಲಿ ಸಿಕ್ಕಿದರು. ಮಗನ ಹಳದಿ ಅಂಗಿ ಹಾಕಿದ್ದರು, ತೋಳು ಮಡಚಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು. ಬಿಸಿಲಿಗೆ ಹಳದಿ ಸ್ವಲ್ಪ ಮಾಸಿತ್ತು. ಒತ್ತಕ್ಷರ ಮಾತ್ರ ತನ್ನ ಜಾಗದಲ್ಲೇ ಇತ್ತು.